ಹುಳು ಹೋಯ್ತು, ಮೊಟ್ಟೆ ಉಳೀತು

ಹವಳದ ತೊಟ್ಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹವಳದ ತೊಟ್ಟಿಗೆ ಸೇರಿಕೊಳ್ಳುವ ಚಪ್ಪಟೆ ಹುಳುವಿನ ಬಗ್ಗೆಯೇ ಐದು ಇವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದದ ಉತ್ತರ ಬೇಕು. ಉಳಿದವರೂ ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬನ್ನಿ.

ಪ್ರಶ್ನೆ: ನಮಸ್ಕಾರ ಮೇಡಂ. ನನ್ನದು 300 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ತೊಟ್ಟಿ. ಶುರು ಮಾಡಿ ಮೂರು ವರ್ಷವಾಯಿತು. ಕೊಂಬೆ ಕೊಂಬೆಯಾಗಿ ಬೆಳೆಯುವ ಅಕ್ರೋಪೋರಾ ಜಾತಿಯ ಹನ್ನೊಂದು ಹವಳಗಳಿವೆ. ಎರಡು ತಿಂಗಳಿಂದ ನೀಲಿ ತುದಿಯ ಒಂದು ಹವಳ ಬುಡದಿಂದ ಬಿಳಿಚಿಕೊಳ್ಳುತ್ತಿದೆ. ಅದರ ಮೈಮೇಲೆ ಹೂವಿನಂತೆ ಅರಳುವ ಪುಟ್ಟ ಪಾಲಿಪ್‌ಗಳು ಹೊರಗೇ ಬರುತ್ತಿಲ್ಲ. ನೀರಿನಲ್ಲಿ ತಪ್ಪು ಕಾಣಲಿಲ್ಲ. ಉಪ್ಪಿನ ಸಾಂದ್ರತೆ 1.025, ಆಲ್ಕಲಿನಿಟಿ 8, ಕ್ಯಾಲ್ಸಿಯಂ 420, ಶಾಖ 26 ಡಿಗ್ರಿ. ಲೈಟ್ ಕಡಿಮೆ ಮಾಡಿ ನೋಡಿದೆ, ಆಮೇಲೆ ಜಾಸ್ತಿ ಮಾಡಿ ನೋಡಿದೆ. ಮೊನ್ನೆ ಪಿಚಕಾರಿಯಿಂದ ಕಸ ಊದುವಾಗ ಹವಳದ ಮೈಮೇಲಿಂದ ತೆಳ್ಳಗಿನ ಚೂರೊಂದು ಎದ್ದು ಹೋಯಿತು. ಅದು ಹವಳದ ಚರ್ಮವೋ, ಹುಳುವೋ? ಹುಳುವಾದರೆ ಒಂದು ಸಲ ಡಿಪ್ ಮಾಡಿದರೆ, ಅಂದರೆ ಔಷಧಿಯ ನೀರಿನಲ್ಲಿ ಮುಳುಗಿಸಿ ತೆಗೆದರೆ ಸಾಕಾ?

ಉತ್ತರ: ಹುಳು ಅಂತಲೇ ನನಗನಿಸುತ್ತದೆ. ಆದರೂ ಇವತ್ತು ರಾತ್ರಿಯೇ ಒಂದು ಸಲ ನೋಡಿ ಖಾತ್ರಿ ಮಾಡಿಕೊಳ್ಳಿ. ಬಿಳಿ ಬಟ್ಟಲಿಗೆ ಟ್ಯಾಂಕಿನ ನೀರನ್ನೇ ತುಂಬಿ. ಆ ಹವಳವನ್ನು ಅದರಲ್ಲಿಟ್ಟು ಪಿಚಕಾರಿಯಿಂದ ಬುಡಕ್ಕೆ, ಕೊಂಬೆಗಳ ಸಂದಿಗೆ, ಅಡಿಭಾಗಕ್ಕೆ ಜೋರಾಗಿ ಊದಿ. ಬಿದ್ದದ್ದನ್ನು ಟಾರ್ಚ್ ಬೆಳಕಿನಲ್ಲಿ ನೋಡುತ್ತಾ ಕೂತುಕೊಳ್ಳಿ. ಕಿತ್ತು ಬಂದ ಚರ್ಮವಾದರೆ ಸುಮ್ನೆ ತೇಲುತ್ತದೆ, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಹುಳುವಾದರೆ ಮೊದಲು ಮುದುಡಿಕೊಂಡಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಒಂದು ಅಂಚು ಚಾಚುತ್ತದೆ, ಇನ್ನೊಂದು ಅಂಚು ಅಲೆಯಂತೆ ಏಳುತ್ತದೆ. ಆಮೇಲೆ ಬಟ್ಟಲಿನ ತಳಕ್ಕೆ ಅಂಟಿಕೊಂಡು ಜಾರಲು ಶುರು ಮಾಡುತ್ತದೆ. ಅದನ್ನು ಒಂದು ಸಲ ಕಣ್ಣಾರೆ ನೋಡಿದವರಿಗೆ ಮತ್ತೆ ಗುರುತಿಸುವುದು ಕಷ್ಟವಿಲ್ಲ.

ಹವಳದ ಮೇಲೆ ಕೂತಾಗ ಇದು ಯಾಕೆ ಕಾಣುವುದಿಲ್ಲ ಗೊತ್ತಾ? ಇದರ ಮೈ ಹಾಳೆಯಷ್ಟು ತೆಳ್ಳಗೆ, ಒಳಗಿರುವುದು ಹೊರಗೆ ಕಾಣುವಷ್ಟು ತಿಳಿ. ಹವಳವನ್ನು ತಿಂದಾಗ ಅದರೊಳಗಿನ ಪಾಚಿಕಣ, ಬಣ್ಣ ಎಲ್ಲ ಇದರ ಹೊಟ್ಟೆ ಸೇರುತ್ತವೆ. ಹಾಗಾಗಿ ಯಾವ ಹವಳ ತಿಂದಿತೋ ಅದರ ಬಣ್ಣವೇ ಇದಕ್ಕೂ ಬರುತ್ತದೆ. ನಿಮ್ಮ ಕಣ್ಣು ಮೋಸ ಹೋಗಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಲೈಟ್ ಮೇಲೆ ನಿಮಗೆ ಅನುಮಾನ ಬಂದದ್ದು ಸಹಜವೇ. ಆದರೆ ಒಂದು ವ್ಯತ್ಯಾಸ ನೆನಪಿಡಿ. ಬೆಳಕು ಜಾಸ್ತಿಯಾಗಿ ಬಿಳಿಚಿದರೆ, ಬೆಳಕು ಬೀಳುವ ಮೇಲ್ಭಾಗ ಮೊದಲು ಬಿಳಿಚುತ್ತದೆ. ಹುಳು ಹಗಲು ಹೊತ್ತು ನೆರಳಿನಲ್ಲಿ ಇರುತ್ತದೆ. ಅದಕ್ಕೇ ಹಾನಿ ಬುಡದಿಂದ, ಕೊಂಬೆಯ ಅಡಿಯಿಂದ ಶುರುವಾಗುತ್ತದೆ. ಭೂತಗನ್ನಡಿ ಹಿಡಿದರೆ ಕಚ್ಚಿದ ಗುರುತೂ ಸಿಗುತ್ತದೆ. ಪೆನ್ಸಿಲ್ ಮೊನೆಯಿಂದ ಒತ್ತಿದ ಹಾಗೆ, ಸುಮಾರು 1 ಮಿಲಿಮೀಟರಿನ ದುಂಡನೆಯ ಬಿಳಿಚು ಚುಕ್ಕೆಗಳು. ಅವು ಒಂದರ ಪಕ್ಕ ಒಂದು ಸೇರಿಕೊಂಡಾಗಲೇ ದೂರಕ್ಕೆ ಅದು ಬಿಳಿಚಿಕೊಂಡ ಹಾಗೆ ಕಾಣುವುದು. ಆಲ್ಕಲಿನಿಟಿ ಏರಿಳಿದರೂ ಹವಳ ಬುಡದಿಂದ ಚರ್ಮ ಬಿಡುವುದುಂಟು. ಆಗ ಈ ಚುಕ್ಕೆಗಳು ಇರುವುದಿಲ್ಲ.

ಈಗ ನಿಮ್ಮ ಕೊನೆಯ ಮಾತು, ಒಂದು ಡಿಪ್ ಸಾಕಾ? ಸಾಲದು. ಇದನ್ನು ನಾನು ನನ್ನ ಒಂದು ಹವಳವನ್ನು ಕಳೆದುಕೊಂಡು ಕಲಿತೆ.

ನನ್ನ ತೊಟ್ಟಿಗೆ ಮೊದಲ ಸಲ ಈ ಹುಳು ಬಂದಾಗ ನಾನು ಪುಸ್ತಕದಲ್ಲಿ ಹೇಳಿದ ಹಾಗೇ ಡಿಪ್ ಮಾಡಿದೆ. ಬಟ್ಟಲಿನ ತಳದಲ್ಲಿ ಹದಿನಾಲ್ಕು ಹುಳು ಎಣಿಸಿದೆ. ಅಷ್ಟೂ ಸತ್ತಿದ್ದವು. ನಿಶ್ಚಿಂತೆಯಿಂದ ಹವಳವನ್ನು ವಾಪಸ್ ಅದರ ಜಾಗದಲ್ಲೇ ಇಟ್ಟೆ. ಒಂದೆರಡು ವಾರ ಪಾಲಿಪ್‌ಗಳು ಚೆನ್ನಾಗಿ ಅರಳಿದವು. ಆರನೇ ವಾರಕ್ಕೆ ಮತ್ತೆ ಮುಚ್ಚಿಕೊಂಡವು. ಎತ್ತಿ ನೋಡಿದರೆ ಪ್ಲಗ್ (ಹವಳವನ್ನು ಅಂಟಿಸಿಡುವ ಬಿಲ್ಲೆ) ಮತ್ತು ಹವಳದ ಬುಡದ ನಡುವಿನ ಬಿರುಕಿನಲ್ಲಿ, ಚರ್ಮ ಹೋಗಿ ಬರೀ ಎಲುಬು ಉಳಿದ ಕಡೆ, ಜೇನು ಬಣ್ಣದ ಒಂದು ಪಟ್ಟೆ. ಮೊದಲು ತುಕ್ಕು ಅಂದುಕೊಂಡೆ. ಭೂತಗನ್ನಡಿ ಹಿಡಿದಾಗ ಒತ್ತೊತ್ತಾಗಿ ಅಂಟಿಸಿದ ಕಣಗಳು ಕಂಡವು. ಉಗುರಿನಿಂದ ಕೆರೆದೆ. ಬರಲಿಲ್ಲ. ಬ್ಲೇಡಿನಿಂದ ಕೆರೆದೆ, ಎಲುಬಿನ ಪುಡಿಯ ಜೊತೆಗೆ ಬಂತು.

ಅದು ಮೊಟ್ಟೆ. ಹೇನು ಮತ್ತು ಸೀರಿನ ಕಥೆಯೇ ಇದು. ಔಷಧಿ ಹಾಕಿದರೆ ಹೇನು ಸಾಯುತ್ತದೆ, ಸೀರು ಕೂದಲಿಗೆ ಅಂಟಿಕೊಂಡೇ ಇರುತ್ತದೆ. ನಾವು ಬಳಸುವ ಡಿಪ್‌ಗಳನ್ನು ಈ ಮೊಟ್ಟೆ ತಾಳಿಕೊಳ್ಳುತ್ತದೆ. ಅದರ ಮೇಲೆ ಗಟ್ಟಿ ಸಿಪ್ಪೆ ಇದೆ. ಒಂದು ಸಿಪ್ಪೆಯೊಳಗೆ ಒಂದಕ್ಕಿಂತ ಹೆಚ್ಚು ಮರಿಗಳೂ ಇರುತ್ತವೆ. ಆದ್ದರಿಂದ ನೀವು ಹೋರಾಡಬೇಕಾದ್ದು ಕಣ್ಣಿಗೆ ಬಿದ್ದ ಹುಳುವಿನ ಜೊತೆಗಲ್ಲ, ಮೊಟ್ಟೆ ಒಡೆಯುವ ದಿನಗಳ ಲೆಕ್ಕದ ಜೊತೆಗೆ.

ಆ ಲೆಕ್ಕ ಅದೃಷ್ಟಕ್ಕೆ ಈಗ ಗೊತ್ತಿದೆ. 2011ರಲ್ಲಿ ವಿಜ್ಞಾನಿಗಳು ಈ ಹುಳುವಿಗೆ ಹೆಸರಿಟ್ಟರು, ಅಮಾಕುಸಪ್ಲಾನಾ ಅಕ್ರೋಪೋರೇ ಅಂತ. ಈಗ ಅದು ಪ್ರೋಸ್ಥಿಯೋಸ್ಟೋಮಮ್ ಅಕ್ರೋಪೋರೇ. ಹೆಸರಿಡುವ ಹೊತ್ತಿಗಾಗಲೇ ಅದು ಎಷ್ಟೋ ಹವ್ಯಾಸಿಗಳ ತೊಟ್ಟಿಗಳನ್ನು ಹಾಳು ಮಾಡಿಯಾಗಿತ್ತು. ಕಡಲಿನಲ್ಲಿ ಅದು ಸಿಕ್ಕ ಮೊದಲ ವರದಿ ಬಂದದ್ದು ಹೆಸರಿಟ್ಟ ಮುಂದಿನ ವರ್ಷ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಿಂದ. ತೊಟ್ಟಿಯವರಿಗೆ ಮೊದಲು ಗೊತ್ತಾಗಿ, ಕಡಲಿನವರಿಗೆ ಆಮೇಲೆ ಗೊತ್ತಾದ ಜೀವಿ ಇದು. ಆಮೇಲಿನ ಸಂಶೋಧನೆಯಲ್ಲಿ ಬೇರೆ ಬೇರೆ ಶಾಖದಲ್ಲಿ ಸಾಕಿ ನೋಡಿದರು. 27 ಡಿಗ್ರಿಯಲ್ಲಿ ಮೊಟ್ಟೆ ಒಡೆಯಲು ಸರಾಸರಿ 11 ದಿನ. ಒಂದು ತಲೆಮಾರು ಮುಗಿಯಲು, ಅಂದರೆ ಮೊಟ್ಟೆಯಿಂದ ಮತ್ತೆ ಮೊಟ್ಟೆ ಇಡುವ ತನಕ, ಕಡಿಮೆ ಎಂದರೆ 38 ದಿನ. 24 ಡಿಗ್ರಿಯಲ್ಲಿ ಅದೇ 64 ದಿನ.

ನನ್ನ ಹವಳ ಆರನೇ ವಾರಕ್ಕೆ ಮತ್ತೆ ಮುಚ್ಚಿಕೊಂಡದ್ದು ಯಾಕೆ ಅಂತ ಈ ಅಂಕಿ ನೋಡಿದ ಮೇಲೆ ನನಗೆ ಅರ್ಥವಾಯಿತು. ನಾನು ಬಿಟ್ಟುಬಂದ ಮೊಟ್ಟೆಗಳು ಒಡೆದು, ಬೆಳೆದು ದೊಡ್ಡವಾಗಿದ್ದವು.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಹನ್ನೊಂದೂ ಅಕ್ರೋಪೋರಾಗಳನ್ನು ಹೊರಗೆ ತೆಗೆಯಿರಿ. ಕಾಯಿಲೆ ಕಂಡದ್ದು ಒಂದರಲ್ಲೇ ಇರಬಹುದು, ಆದರೂ ಹನ್ನೊಂದೂ ಬರಬೇಕು. ಬೇರೆ ಸಣ್ಣ ತೊಟ್ಟಿ ಸಿದ್ಧ ಮಾಡಿ. ಲೈಟ್, ಹೀಟರ್, ನೀರು ಓಡಾಡಲು ಒಂದು ಪಂಪ್ ಇದ್ದರೆ ಸಾಕು. ಆದರೆ ಅದರ ನೀರು ದೊಡ್ಡ ಟ್ಯಾಂಕಿನ ಸಂಪ್‌ಗೆ, ಅಂದರೆ ನೀರು ಸೋಸುವ ಕೆಳಗಿನ ತೊಟ್ಟಿಗೆ, ಸೇರಬಾರದು. ಈ ಹುಳುವಿನ ಮರಿಗಳು ತೆವಳುವುದಷ್ಟೇ ಅಲ್ಲ, ಈಜುತ್ತವೆ ಕೂಡ. ಒಂದೇ ಸಂಪ್‌ಗೆ ಸೇರಿಸಿ, ನಡುವೆ ಗಾಜು ಇದೆಯಲ್ಲ ಅಂತ ನೆಮ್ಮದಿಯಾಗಿರುವವರನ್ನು ನಾನು ನೋಡಿದ್ದೇನೆ. ಪೈಪಿನಲ್ಲಿ ನೀರು ಹೋದ ಕಡೆ ಮರಿಯೂ ಹೋಗುತ್ತದೆ.

ಡಿಪ್ ಮಾಡುವ ಮುಂಚೆ ಹಳೆಯ ಪ್ಲಗ್ ಬಿಸಾಡಿ. ಇದೇ ನನ್ನ ದೊಡ್ಡ ಮಾತು. ಬೋನ್ ಕಟರ್‌ನಿಂದ ಹವಳದ ಸತ್ತ ಬುಡವನ್ನು ಜೀವಂತ ಚರ್ಮ ಶುರುವಾಗುವ ತನಕ ಕತ್ತರಿಸಿ. ಜೀವಂತ ಭಾಗವೂ ಅರ್ಧ ಸೆಂಟಿಮೀಟರ್ ಹೋಗಲಿ, ಚಿಂತೆಯಿಲ್ಲ. ಹುಳು ಜೀವಂತ ಚರ್ಮದ ಮೇಲೆ ಮೊಟ್ಟೆ ಇಡುವುದಿಲ್ಲ, ಅದರ ಪಕ್ಕದ ಬೋಳು ಎಲುಬಿನ ಮೇಲೆ ಇಡುತ್ತದೆ. ಬೋಳು ಜಾಗವೇ ಇಲ್ಲದ ಹಾಗೆ ಮಾಡಿದರೆ ಮೊಟ್ಟೆಯ ಬಹುಪಾಲು ಕಸದ ಬುಟ್ಟಿಗೆ ಹೋದ ಹಾಗೆ. ಆಮೇಲೆ ಹೊಸ ಪ್ಲಗ್‌ಗೆ ಸೂಪರ್ ಗ್ಲೂ ಜೆಲ್‌ನಿಂದ ಅಂಟಿಸಿ. ಕತ್ತರಿಸಿದ ಬುಡ ಪೂರ್ತಿ ಅಂಟಿನಲ್ಲಿ ಮುಳುಗಿರಲಿ, ಬಿರುಕು ಉಳಿಯಬಾರದು.

ಡಿಪ್‌ಗೆ ಹವಳಕ್ಕೆಂದೇ ಮಾಡಿದ ಯಾವುದಾದರೂ ದ್ರಾವಣ ಆಗುತ್ತದೆ. ಅಯೋಡಿನ್‌ನದೂ ಇದೆ, ಕೋರಲ್ ಆರ್‌ಎಕ್ಸ್‌ನಂಥವೂ ಇವೆ. ಅಳತೆ ಮತ್ತು ಸಮಯ ಬಾಟಲಿಯ ಮೇಲೆ ಬರೆದಷ್ಟೇ. ಜಾಸ್ತಿ ಹಾಕಿದರೆ ಹುಳು ಬೇಗ ಸಾಯುತ್ತದೆ ಅನ್ನುವ ಆಸೆಗೆ ಬೀಳಬೇಡಿ, ಹವಳ ಮೊದಲು ಸಾಯುತ್ತದೆ. ಟ್ಯಾಂಕಿನ ಶಾಖದ್ದೇ ನೀರು ಬಳಸಿ. ಹವಳವನ್ನು ಮುಳುಗಿಸಿಟ್ಟು ಎದ್ದು ಹೋಗಬೇಡಿ. ಅಷ್ಟೂ ಹೊತ್ತು ಪಿಚಕಾರಿಯಿಂದ ಊದುತ್ತಲೇ ಇರಬೇಕು. ಔಷಧಿ ಹುಳುವಿನ ಹಿಡಿತ ಸಡಿಲ ಮಾಡುತ್ತದೆ, ಅದನ್ನು ಉದುರಿಸುವುದು ನೀವು ಊದುವ ನೀರು. ಮುಗಿದ ಮೇಲೆ ಎರಡು ಬಕೆಟ್ ಶುದ್ಧ ಉಪ್ಪುನೀರಿನಲ್ಲಿ ಒಂದಾದ ಮೇಲೊಂದರಲ್ಲಿ ಅದ್ದಿ. ಡಿಪ್ ಮಾಡಿದ ನೀರು ಒಂದು ಹನಿಯೂ ತೊಟ್ಟಿಗೆ ವಾಪಸ್ ಹೋಗಬಾರದು.

ಇದನ್ನು ವಾರಕ್ಕೊಂದು ಸಲದಂತೆ ಆರು ವಾರ ಮಾಡಿ. ಪ್ರತಿ ಸಲವೂ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ. ಹೊಸ ಮೊಟ್ಟೆ ಸಿಕ್ಕರೆ ಆ ದಿನವನ್ನು ಮತ್ತೆ ಮೊದಲನೇ ದಿನ ಅಂತ ಬರೆದುಕೊಳ್ಳಿ. ನಿಮ್ಮ ಸಣ್ಣ ತೊಟ್ಟಿಯನ್ನು 27 ಡಿಗ್ರಿಯಲ್ಲಿ ಇಟ್ಟರೆ ಈ ಲೆಕ್ಕ ಸರಿಹೋಗುತ್ತದೆ. 24ಕ್ಕೆ ಇಳಿಸಿ ಹುಳುವನ್ನು ನಿಧಾನ ಮಾಡೋಣ ಅಂತ ಕೆಲವರು ಯೋಚಿಸುತ್ತಾರೆ. ಹಾಗೆ ಮಾಡಿದರೆ ನಿಮ್ಮ ಕೆಲಸವೇ ಒಂಬತ್ತು ವಾರಕ್ಕೆ ಎಳೆಯುತ್ತದೆ.

ಇನ್ನು ದೊಡ್ಡ ಟ್ಯಾಂಕ್. ಅಲ್ಲಿಗೆ ಔಷಧಿ ಹಾಕಲೇಬೇಡಿ. ಈ ಹುಳುವಿನ ಆಹಾರ ಅಕ್ರೋಪೋರಾ. ಅದಿಲ್ಲದೆ ಮೊಟ್ಟೆಯಿಂದ ಬಂದ ಮರಿ ಹೆಚ್ಚೆಂದರೆ 9 ದಿನ ಬದುಕುತ್ತದೆ ಅಂತ ಅದೇ ಸಂಶೋಧನೆ ಹೇಳುತ್ತದೆ. 11 ದಿನಕ್ಕೆ 9 ಸೇರಿಸಿದರೆ 20 ದಿನ. ನಾನಾದರೆ ಸಣ್ಣ ತೊಟ್ಟಿಯ ಡಿಪ್ ಮುಗಿಯುವ ತನಕ ಪೂರ್ತಿ ಆರು ವಾರ ಖಾಲಿ ಬಿಡುತ್ತೇನೆ. ಒಂದೇ ಎಚ್ಚರಿಕೆ: ಬಂಡೆಗೆ ಹರಡಿಕೊಂಡ ಅಕ್ರೋಪೋರಾ ಬುಡಗಳು. ಮೇಲಿನ ಕೊಂಬೆ ಮುರಿದುಕೊಂಡು ಬಂದು, ಕಲ್ಲಿನ ಮೇಲೆ ಉಗುರಿನಷ್ಟು ಚರ್ಮ ಉಳಿಸಿದರೂ ಅದು ಹುಳುವಿಗೆ ಊಟ. ಉಳಿ ಹಿಡಿದು ಕಿತ್ತು ತೆಗೆಯಿರಿ. ಆಗದಿದ್ದರೆ ಎಪಾಕ್ಸಿಯಿಂದ ಪೂರ್ತಿ ಮುಚ್ಚಿಬಿಡಿ.

ಹನ್ನೊಂದರಲ್ಲಿ ಒಂದೆರಡು ಹೋಗಬಹುದು. ಪದೇ ಪದೇ ಡಿಪ್ ಮಾಡುವುದು ಹವಳಕ್ಕೂ ಸಂಕಟವೇ. ಆ ನೀಲಿ ತುದಿಯದ್ದರಿಂದ ಈಗಲೇ, ಬುಡದಿಂದ ದೂರದ ಆರೋಗ್ಯದ ಕೊಂಬೆಯ ತುದಿಯೊಂದನ್ನು ಕತ್ತರಿಸಿ ಬೇರೆ ಪ್ಲಗ್‌ಗೆ ಅಂಟಿಸಿಡಿ. ಅದಕ್ಕೂ ಡಿಪ್ ತಪ್ಪಿಸಬೇಡಿ. ತಾಯಿ ಹೋದರೂ ಆ ತುಂಡು ಉಳಿದರೆ ಹವಳ ಉಳಿದ ಹಾಗೆ. ನನ್ನ ಹಳೆಯ ಹಸಿರು ಹವಳಕ್ಕೆ ನಾನು ಹಾಗೆ ಮಾಡಿರಲಿಲ್ಲ. ಐದು ವರ್ಷ ಬೆಳೆಸಿದ್ದೆ. ಇವತ್ತಿಗೂ ಆ ಜಾಗಕ್ಕೆ ಬೇರೆ ಹವಳ ಇಡಲು ನನಗೆ ಮನಸ್ಸು ಬಂದಿಲ್ಲ.

ಪ್ರಶ್ನೆ: ಆರು ಗೆರೆಯ ರಾಸ್ ಮೀನು ಚಪ್ಪಟೆ ಹುಳು ತಿನ್ನುತ್ತದಂತೆ. ಒಂದು ಬಿಟ್ಟರೆ ಈ ಡಿಪ್ ಗೋಳು ತಪ್ಪುತ್ತದಲ್ವಾ?

ಉತ್ತರ: ತಿನ್ನುವುದು ನಿಜ. ಪ್ರಯೋಗದಲ್ಲೂ ಆ ಮೀನು ಹುಳುಗಳ ಸಂಖ್ಯೆ ಇಳಿಸಿದೆ. ಪೆಪ್ಪರ್‌ಮಿಂಟ್ ಜಾತಿಯ ಸೀಗಡಿಯೊಂದು ಮೊಟ್ಟೆಗಳನ್ನೂ ತಿಂದಿದೆ. ಅದು ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ, ಯಾಕೆಂದರೆ ಮೊಟ್ಟೆಗೆ ನಮ್ಮಲ್ಲಿ ಬ್ಲೇಡು ಬಿಟ್ಟರೆ ಬೇರೆ ಆಯುಧವೇ ಇರಲಿಲ್ಲ. ಆದರೂ ಇವು ಕಡಿಮೆ ಮಾಡುತ್ತವೆಯೇ ಹೊರತು ಪೂರ್ತಿ ಮುಗಿಸುತ್ತವೆ ಅಂತ ನಂಬಿ ಕೂರಬೇಡಿ. ಮೀನು ಹಗಲು ಬೇಟೆಯಾಡುತ್ತದೆ, ಹುಳು ಹಗಲು ಅಡಗಿರುತ್ತದೆ. ದಟ್ಟ ಕೊಂಬೆಗಳ ನಡುವೆ ಮೀನಿನ ಮೂತಿ ಹೋಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಮೀನು ಹುಳುಗಳನ್ನು ಅಷ್ಟಿಷ್ಟು ತಿನ್ನುತ್ತಾ ಇದ್ದರೆ ಹವಳ ಸಾಯುವುದಿಲ್ಲ, ಅರಳುವುದೂ ಇಲ್ಲ. ಹುಳು ಇರುವುದೇ ನಿಮಗೆ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದೆ ಇದ್ದ ತೊಟ್ಟಿಯಿಂದಲೇ ನನಗೆ ಹುಳು ಬಂದದ್ದು.

ಡಿಪ್ ಮುಗಿಸಿದ ಮೇಲೆ ಕಾವಲಿಗೆ ಅಂತ ಮೀನು ಬಿಡಿ, ಒಳ್ಳೆಯದು. ಆದರೆ ಆರು ಗೆರೆಯದ್ದು ದೊಡ್ಡದಾದ ಮೇಲೆ ಜಗಳಗಂಟ. ತೊಟ್ಟಿಯಲ್ಲಿ ಸಾಧು ಮೀನುಗಳಿದ್ದರೆ ಇದನ್ನು ಎಲ್ಲರಿಗಿಂತ ಕೊನೆಯಲ್ಲಿ ಬಿಡಿ.

ಪ್ರಶ್ನೆ: ನನ್ನ ತೊಟ್ಟಿಯ ಗಾಜಿನ ಮೇಲೆ, ಮರಳಿನ ಮೇಲೆ ತುಕ್ಕು ಬಣ್ಣದ ಪುಟ್ಟ ಪುಟ್ಟ ಹುಳುಗಳು ತುಂಬಿಕೊಂಡಿವೆ. ಹಿಂದುಗಡೆ ಬಾಲದಂಥ ಮೊನೆಗಳಿವೆ. ಇವು ಹವಳ ತಿನ್ನುತ್ತವಾ? ಔಷಧಿ ತಂದಿಟ್ಟುಕೊಂಡಿದ್ದೇನೆ. ಹಾಕಲಾ?

ಉತ್ತರ: ನಿಲ್ಲಿ, ಇವತ್ತು ಹಾಕಬೇಡಿ. ನಿಮ್ಮದು ಬೇರೆ ಹುಳು. ಬಾಲದ ಮೊನೆ ಮತ್ತು ಬಣ್ಣ ನೋಡಿದರೆ ಕನ್ವೊಲ್ಯೂಟ್ರಿಲೋಬಾ ಇರಬೇಕು. ರೆಡ್ ಪ್ಲನೇರಿಯಾ ಅಂತ ಕರೆಯುವುದು ಇದನ್ನೇ. ಇದು ಹವಳವನ್ನು ಕಚ್ಚಿ ತಿನ್ನುವುದಿಲ್ಲ. ಇದರ ಮೈಯೊಳಗೆ ಪಾಚಿಕಣಗಳಿವೆ, ಬೆಳಕಿನಿಂದ ಅವು ಆಹಾರ ಮಾಡಿಕೊಡುತ್ತವೆ. ಅದಕ್ಕೇ ಇದು ಅಡಗುವುದಿಲ್ಲ, ಬೆಳಕಿಗೆ ಮೈ ಚಾಚಿಕೊಂಡು ಕೂರುತ್ತದೆ. ತೊಂದರೆ ಬರುವುದು ಸಂಖ್ಯೆ ಮೀರಿದಾಗ. ಹವಳದ ಮೇಲೆ ಚಾದರದ ಹಾಗೆ ಮುಚ್ಚಿಕೊಂಡು ಬೆಳಕು ತಪ್ಪಿಸುತ್ತವೆ. ಇವು ಮೈಯಿಂದಲೇ ಮರಿ ಒಡೆದು ಹೆಚ್ಚುತ್ತವೆ, ಜೋಡಿ ಬೇಕಿಲ್ಲ. ಒಂದು ಬಂದರೂ ಸಾಕು.

ಔಷಧಿ ಬೇಡ ಅಂದದ್ದು ಯಾಕೆಂದರೆ, ಈ ಹುಳು ಸಾಯುವಾಗ ಮೈಯಿಂದ ವಿಷ ಬಿಡುತ್ತದೆ. ನಾಲ್ಕು ಸತ್ತರೆ ಏನೂ ಆಗುವುದಿಲ್ಲ. ಸಾವಿರಾರು ಒಟ್ಟಿಗೆ ಸತ್ತರೆ ಮೀನುಗಳು ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಡುತ್ತವೆ. ಮೊದಲು ಸಣ್ಣ ಪೈಪು ಹಿಡಿದು ಹೀರಿ ತೆಗೆಯಿರಿ. ಒಂದು ದಿನ ಅಲ್ಲ, ಎರಡು ಮೂರು ವಾರ, ದಿನ ಬಿಟ್ಟು ದಿನ. ಬೆಳಿಗ್ಗೆ ಲೈಟ್ ಬಂದು ಒಂದೆರಡು ಗಂಟೆಗೆ ಎಲ್ಲ ಮೇಲೆ ಬಂದಿರುತ್ತವೆ, ಆಗ ಹೀರುವುದು ಸುಲಭ. ಕಣ್ಣಿಗೆ ಅಲ್ಲೊಂದು ಇಲ್ಲೊಂದು ಅನ್ನುವಷ್ಟಾದ ಮೇಲೆ ಔಷಧಿಯ ಯೋಚನೆ ಮಾಡಿ. ಅವತ್ತು ವಿಷ ಹೀರಿಕೊಳ್ಳುವ ಹೊಸ ಕಾರ್ಬನ್ ಕೈಗೆ ಸಿಗುವ ಹಾಗಿರಲಿ, ಕಾಲುಭಾಗ ನೀರು ಬದಲಿಸಲು ಉಪ್ಪುನೀರು ಬೆರೆಸಿ ಸಿದ್ಧವಾಗಿರಲಿ. ಸತ್ತವು ತೇಲುತ್ತಿದ್ದಂತೆ ಹೀರಿ ಹೊರಗೆ ಹಾಕಿ.

ಪ್ರಶ್ನೆ: ತೋಟದ ಕೀಟನಾಶಕವನ್ನು ನೀರಿಗೆ ಬೆರೆಸಿ ಡಿಪ್ ಮಾಡಿದರೆ ಹುಳು ಪಟ್ಟನೆ ಸಾಯುತ್ತದೆ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಉತ್ತರ: ಮಾಡುವವರು ಇದ್ದಾರೆ. ಇಮಿಡಾಕ್ಲೋಪ್ರಿಡ್ ಇರುವ ದ್ರಾವಣ ಬಳಸುತ್ತಾರೆ, ಹುಳು ಸಾಯುವುದೂ ಹೌದು. ನಾನು ಬಳಸುವುದಿಲ್ಲ, ನಿಮಗೂ ಬೇಡ ಅನ್ನುತ್ತೇನೆ. ಅದು ಕೀಟಗಳಿಗೆ ಮಾಡಿದ ವಿಷ. ಸೀಗಡಿ, ಏಡಿ ಎಲ್ಲ ಕೀಟಗಳ ಹತ್ತಿರದ ನೆಂಟರು. ಅಕ್ರೋಪೋರಾದ ಕೊಂಬೆಗಳ ನಡುವೆ ವಾಸ ಮಾಡುವ ಪುಟ್ಟ ಟೆಟ್ರಾಲಿಯಾ ಏಡಿ ಹವಳವನ್ನು ಕಾಯುವ ಜೀವಿ. ಈ ಡಿಪ್‌ನಲ್ಲಿ ಮೊದಲು ಸಾಯುವುದು ಅದೇ. ಸರಿಯಾಗಿ ತೊಳೆಯದ ಹವಳ ತೊಟ್ಟಿಗೆ ಹೋದರೆ ಅಲ್ಲಿರುವ ಸೀಗಡಿಗಳಿಗೂ ಕುತ್ತು. ಇಷ್ಟೆಲ್ಲ ಅಪಾಯ ಕಟ್ಟಿಕೊಂಡರೂ ಮೊಟ್ಟೆ ಸಾಯುತ್ತದಾ? ಇಲ್ಲ. ಅಂದ ಮೇಲೆ ಯಾಕೆ ಬೇಕು? ಯಾವ ಡಿಪ್ ಬಳಸಿದರೂ ಮೊದಲು ಏಡಿಯನ್ನು ಮೆಲ್ಲಗೆ ಪಿಚಕಾರಿಯಿಂದ ಹೊರಡಿಸಿ ಬೇರೆ ಬಟ್ಟಲಿಗೆ ಬಿಡಿ. ಡಿಪ್ ಮಾಡುವಾಗ ಕೈಗವಸು ಇರಲಿ.

ಪ್ರಶ್ನೆ: ಮೇಡಂ, ನನ್ನ ತೊಟ್ಟಿಯಲ್ಲಿ ಹುಳು ಬಂದು ಹೋಗಿ ಒಂದು ತಿಂಗಳಾಯಿತು. ಈಗ ಏನೂ ಕಾಣುತ್ತಿಲ್ಲ. ಸ್ನೇಹಿತರಿಬ್ಬರು ಹವಳದ ತುಂಡು ಕೇಳುತ್ತಿದ್ದಾರೆ. ಕೊಡಲಾ?

ಉತ್ತರ: ಈಗ ಬೇಡ. ಒಂದು ತಿಂಗಳು ಅಂದರೆ 30 ದಿನ. ಮೇಲೆ ಹೇಳಿದ 38 ದಿನಕ್ಕೂ ಅದು ಸಾಲದು. ಇನ್ನೂ ಎರಡು ತಿಂಗಳು ಬಿಡಿ. ಆ ನಡುವೆ ಎರಡು ಸಲ, ಹವಳ ಚೆನ್ನಾಗಿ ಕಂಡರೂ, ಬಿಳಿ ಬಟ್ಟಲಿನಲ್ಲಿ ಊದಿ ನೋಡಿ. ಎರಡು ಸಲವೂ ಬಟ್ಟಲು ಖಾಲಿ ಬಂದರೆ ಕೊಡಿ. ಕೊಡುವಾಗ ಪ್ಲಗ್ ಇಲ್ಲದೆ, ಹೊಸದಾಗಿ ಕತ್ತರಿಸಿದ ತುದಿ ಮಾತ್ರ ಕೊಡಿ. ಹುಳು ಬಂದಿತ್ತು ಅನ್ನುವ ಮಾತನ್ನೂ ಜೊತೆಗೇ ಹೇಳಿ. ನನಗೆ ತುಂಡು ಕೊಟ್ಟವರಿಗೆ ತಮ್ಮ ತೊಟ್ಟಿಯಲ್ಲಿ ಹುಳು ಇದ್ದದ್ದು ಗೊತ್ತಿರಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮಗೆ ಗೊತ್ತಿದೆ. ಸ್ನೇಹಿತರಿಗೆ ಎರಡು ತಿಂಗಳು ಕಾಯಿರಿ ಅಂದರೆ ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಷ್ಟರಲ್ಲಿ ಅವರು ಬೇರೆ ಸಣ್ಣ ತೊಟ್ಟಿಯೊಂದನ್ನು ಸಿದ್ಧ ಮಾಡಿಕೊಳ್ಳಲಿ. ನಿಮ್ಮ ತುಂಡು ಮೊದಲು ಅಲ್ಲಿ ಆರು ವಾರ ಇರಲಿ.